ಬಸಮ್ಮನವರ ಸಂದರ್ಶನ

ನಾಲ್ಕನೆಯ ಅಧ್ಯಾಯಕ್ಕೆ ಕಣ್ಣು ಒದ್ದೆಯಾಗದವರು ಇಬ್ಬರೇ. ಒಬ್ಬ ಯಶೋಧಾಳ ಗಂಡ ಅಮರ್. ಅವನು ಓದುತ್ತೇನೆ ಓದುತ್ತೇನೆ ಎನ್ನುತ್ತಲೇ ಇದ್ದ, ಓದಿರಲಿಲ್ಲ. ಇನ್ನೊಬ್ಬರು ಚಂದ್ರಮೌಳಿ ಸರ್. ಅವರು ಓದಿದ್ದೇ ತೊಂದರೆಯಾಯಿತು.

ಮ್ಯಾನೇಜ್‌ಮೆಂಟ್ ವಿಷಯದ ಪಿಎಚ್.ಡಿ. ಪ್ರಬಂಧ ಓದಿ ಯಾರಾದರೂ ಅತ್ತರೆ ಅದು ಸಾಮಾನ್ಯವಾಗಿ ಬರೆದವರೇ ಆಗಿರುತ್ತಾರೆ. ಯಶೋಧಾ ಕುವೆಂಪುನಗರದ ಒಂದು ಕಾಲೇಜಿನಲ್ಲಿ ಪ್ರವಾಸೋದ್ಯಮದ ಪಾಠ ಮಾಡುವ ಅತಿಥಿ ಉಪನ್ಯಾಸಕಿ. ಅತಿಥಿ ಎನ್ನುವುದು ಹೆಸರಿಗೆ ಮಾತ್ರ. ಎಂಟು ವರ್ಷವಾದರೂ ಅವಳಿಗೆಂದು ಒಂದು ಮೇಜಿಲ್ಲ, ರಜೆಯ ತಿಂಗಳಲ್ಲಿ ಸಂಬಳವಿಲ್ಲ. ಇಂಥ ಅತಿಥಿ ಸತ್ಕಾರವನ್ನು ಕಂಡುಹಿಡಿದವರಿಗೆ ನಮಸ್ಕಾರ ಹೇಳಬೇಕು. ಪಿಎಚ್.ಡಿ. ಒಂದು ಕೈಗೆ ಬಂದರೆ ಕೆಲಸ ಕಾಯಂ ಮಾಡುತ್ತೇವೆಂದು ಆಡಳಿತ ಮಂಡಳಿಯವರು ಬಾಯಿಬಿಟ್ಟು ಹೇಳಿದ್ದರು. ಆದರೆ ನೋಂದಣಿಯ ಅವಧಿ ಎರಡು ಸಲ ವಿಸ್ತರಣೆಯಾಗಿ, ಈ ವರ್ಷದ ಕೊನೆಗೆ ಮುಗಿಯಲಿತ್ತು. ಅಷ್ಟರೊಳಗೆ ಪ್ರಬಂಧ ಒಪ್ಪಿಸದಿದ್ದರೆ ಆರು ವರ್ಷದ ಓಡಾಟ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಮಣ್ಣು ಹೊತ್ತು ಮಗಳನ್ನು ಓದಿಸಿದ ಅವಳ ತಾಯಿ ಪುಟ್ಟಮಾದಮ್ಮ ಬೀದಿಯವರಿಗೆಲ್ಲ ಆಗಲೇ ಹೇಳಿಟ್ಟಿದ್ದಳು: “ನಮ್ಮ ಯಸೋದಾ ಡಾಕ್ಟ್ರಾಯ್ತಾಳೆ. ಸೂಜಿ ಚುಚ್ಚೋ ಡಾಕ್ಟ್ರಲ್ಲ, ಅದುಕ್ಕಿಂತ ದೊಡ್ಡ ಡಾಕ್ಟ್ರು.”

ಅವಳ ಸಂಶೋಧನೆ ಮೈಸೂರಿನಲ್ಲಿ ತಮ್ಮ ಮನೆಯ ಕೋಣೆಗಳನ್ನು ಪ್ರವಾಸಿಗರಿಗೆ ಕೊಡುವ ಹೆಂಗಸರ ಬಗ್ಗೆ. ಐನೂರು ಜನರಿಗೆ ಕಾಗದ ಹಂಚಿ, ಹೌದು ಅಲ್ಲ ಎಂದು ಗುರುತು ಹಾಕಿಸಿಕೊಂಡು, ಲೆಕ್ಕ ಹಾಕಿ ಮುಗಿಸುವ ಜಾತಿಯದಲ್ಲ. ಗುಣಾತ್ಮಕ ಸಂಶೋಧನೆ ಎನ್ನುತ್ತಾರೆ ಇದಕ್ಕೆ. ಎಂದರೆ ಕೆಲವೇ ಮನೆಗಳಿಗೆ ಹೋಗಿ, ಗಂಟೆಗಟ್ಟಲೆ ಕೂತು, ಅವರು ಹೇಳಿದ್ದನ್ನು ಅವರು ಹೇಳಿದಂತೆಯೇ ರೆಕಾರ್ಡ್ ಮಾಡಿಕೊಂಡು, ಅದರಲ್ಲಿ ಬದುಕು ಎಲ್ಲಿದೆ ಎಂದು ಹುಡುಕುವುದು. ಹುಡುಕಿದ ಹನ್ನೆರಡು ಮನೆಗಳಲ್ಲಿ ಅವಳಿಗೆ ಚಿನ್ನ ಸಿಕ್ಕಿದ್ದು ಒಂದೇ ಮನೆಯಲ್ಲಿ. ಚಾಮರಾಜಪುರಂನ ಬಸಮ್ಮನವರು ಒಂದು ಮಾತು ಹೇಳಿದ್ದರು. ಇಟಲಿಯಿಂದ ಬಂದ ಒಬ್ಬ ಹೆಂಗಸು ಹೊರಡುವಾಗ ಹೊಸ್ತಿಲು ಮುಟ್ಟಿ ಅತ್ತಳಂತೆ. “ನಾನ್ ಕೊಟ್ಟಿದ್ದು ಬಾಡಿಗೆ ರೂಮು ಕಣಮ್ಮ, ಅವ್ಳು ತಗೊಂಡಿದ್ದು ತವರುಮನೆ” ಎಂದಿದ್ದರು ಬಸಮ್ಮನವರು. ನಾಲ್ಕನೆಯ ಅಧ್ಯಾಯ ನಿಂತದ್ದೇ ಈ ಮಾತಿನ ಮೇಲೆ. ಇಂಗ್ಲಿಷ್ ಪ್ರಬಂಧದ ನಡುವೆ ಅದೊಂದು ಸಾಲನ್ನು ಕನ್ನಡದಲ್ಲಿಯೇ ಉಳಿಸಿಕೊಂಡಿದ್ದಳು.

ಪ್ರಗತಿ ಪರಿಶೀಲನೆಯ ಸಭೆಯಲ್ಲಿ ಆ ಸಾಲು ಓದಿದಾಗ ಅವಳ ಮಾರ್ಗದರ್ಶಕರಾದ ಮೃತ್ಯುಂಜಯ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಸಭೆಯ ಉಳಿದವರೂ ಕರವಸ್ತ್ರ ಹುಡುಕಿದರು. ಆಗ ಬೇರೆ ಕಾಲೇಜಿನಿಂದ ವಿಷಯತಜ್ಞರಾಗಿ ಬಂದಿದ್ದ ಚಂದ್ರಮೌಳಿ ಸರ್ ಗಂಟಲು ಸರಿಮಾಡಿಕೊಂಡರು. ಇವರದು ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು. ಕೂದಲು ಮಾತ್ರ ನಮ್ಮದೇ ತಲೆಯದು.

“ಬಹಳ ಚೆನ್ನಾಗಿದೆ ಮೇಡಂ. ಮೂರು ವರ್ಷದ ಹಿಂದೆ ನಮ್ಮ ಕಾಲೇಜಲ್ಲಿ ಓದಿದಾಗಲೂ ಇಷ್ಟೇ ಚೆನ್ನಾಗಿತ್ತು.”

ಅವರ ಎಂಬಿಎ ವಿದ್ಯಾರ್ಥಿ ವಿಜಯ್‌ಕುಮಾರ್ ಎಂಬಾತನ ಪ್ರಾಜೆಕ್ಟ್ ವರದಿಯಲ್ಲಿ ಇದೇ ಇಟಲಿಯ ಹೆಂಗಸು ಇದೇ ಹೊಸ್ತಿಲು ಮುಟ್ಟಿ ಅತ್ತಿದ್ದಳು. ಬಾಡಿಗೆ ರೂಮು, ತವರುಮನೆ, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಅಂದು ಚಂದ್ರಮೌಳಿಯವರೂ ಕಣ್ಣು ಒರೆಸಿಕೊಂಡು ತೊಂಬತ್ತು ಅಂಕ ಕೊಟ್ಟಿದ್ದರು. ಒಂದೇ ಮಾತಿಗೆ ಎರಡು ಸಲ ಅಳುವ ಜಾಯಮಾನ ಅವರದಲ್ಲ. ಇಂಥ ಸಂಶೋಧನೆಯಲ್ಲಿ ಮಾತಾಡಿದವರ ಹೆಸರು ಮುಚ್ಚಿಡುವುದು ಪದ್ಧತಿ. ಹಾಗಾಗಿ ಆ ವರದಿಯಲ್ಲಿ ಇದ್ದವರು ಯಾರು, ಈ ಪ್ರಬಂಧದಲ್ಲಿ ಇರುವವರು ಯಾರು ಎಂದು ಸಭೆಯಲ್ಲಿ ಯಾರಿಗೂ ತಿಳಿಯುವಂತಿರಲಿಲ್ಲ. ತಿಳಿದದ್ದು ಒಂದೇ, ಮಾತು ಒಂದೇ ಎಂದು. ಅದಕ್ಕೆ ಕಳವು ಎನ್ನುವ ಶಬ್ದವನ್ನು ಯಾರೂ ಆಡಲಿಲ್ಲ, ಎಲ್ಲರ ಮುಖದ ಮೇಲೂ ಬರೆದಿತ್ತು.

ಯಶೋಧಾ ಮುಂದಿನ ಶುಕ್ರವಾರದ ಸಭೆಯಲ್ಲಿ ವಿವರಣೆ ಕೊಡಬೇಕೆಂದು ತೀರ್ಮಾನವಾಯಿತು.

ಹೊರಗೆ ಬಂದಮೇಲೆ ಮೃತ್ಯುಂಜಯ ಸರ್ ಮೆಲ್ಲಗೆ ಕೇಳಿದರು, “ರೆಕಾರ್ಡಿಂಗ್ ಇದೆ ತಾನೇ?”

“ಇದೆ ಸರ್. ಒಂದೂವರೆ ಗಂಟೆ. ಅವರದೇ ಧ್ವನಿ.”

“ಮತ್ತೆ ಯಾಕಮ್ಮ ಮುಖ ಹಿಂಗೆ ಮಾಡ್ಕೊಂಡಿದ್ದೀರಿ? ಶುಕ್ರವಾರ ಹಾಕಿ ಕೇಳಿಸಿಬಿಡಿ. ಆ ಹುಡುಗನೂ ಅವರ ಹತ್ರಾನೇ ಹೋಗಿದ್ದ ಅಂತ ಕಾಣತ್ತೆ. ಅಲ್ಲಿಗೆ ಮುಗೀತು.”

ಮುಗಿಯಬೇಕಾಗಿತ್ತು. ಆದರೆ ಮೂರು ವರ್ಷದ ಅಂತರದಲ್ಲಿ ಒಬ್ಬರು ಒಂದೇ ಕತೆಯನ್ನು ಅಕ್ಷರ ಬಿಡದೆ ಹೇಗೆ ಹೇಳುತ್ತಾರೆ ಎನ್ನುವುದು ಯಶೋಧಾಳ ತಲೆಯೊಳಗೆ ಹುಳ ಬಿಟ್ಟಿತು. ಅವಳು ಸ್ಕೂಟರನ್ನು ನೇರ ಚಾಮರಾಜಪುರಂಗೆ ತಿರುಗಿಸಿದಳು.

ಬಸಮ್ಮನವರ ಮನೆ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿತ್ತು. ಜವಳಿ ವ್ಯಾಪಾರ ಮಾಡಿ ಬಾಳಿದ ಮನೆತನ; ಅಂಗಡಿ ಈಗ ಇಲ್ಲ, ಅದರ ಗತ್ತು ಇದೆ. ಆ ಗತ್ತನ್ನು ಬಸಮ್ಮನವರ ಯಜಮಾನರಾದ ಕರಿಬಸವಯ್ಯನವರು ಹಣೆಯ ವಿಭೂತಿಯ ಜೊತೆಗೆ ಹಚ್ಚಿಕೊಂಡು, ದಿನವಿಡೀ ಜಗುಲಿಯ ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿರುತ್ತಿದ್ದರು. ಮಗ ಶಿವಕಿರಣ್, ಸೊಸೆ, ಮೊಮ್ಮಗಳು ಕೆಳಗೆ, ಮಹಡಿಯ ಎರಡು ಕೋಣೆ ಅತಿಥಿಗಳಿಗೆ. ಮೊದಲ ಸಲ ಬಂದಾಗ ಯಾವೂರು, ಯಾರ ಪೈಕಿ ಎಂದು ಒಂದು ಮಾತೂ ಕೇಳದೆ ಬಸಮ್ಮನವರು ಉಪ್ಪಿಟ್ಟಿನ ತಟ್ಟೆ ಮುಂದಿಟ್ಟಿದ್ದರು. ಯಾವೂರು ಯಾರ ಪೈಕಿ ಎಂಬ ಪ್ರಶ್ನೆ ಯಶೋಧಾಳಿಗೆ ಮೈಸೂರಿನಲ್ಲಿ ಬಹಳ ಜಗುಲಿಗಳ ಮೇಲೆ ಎದುರಾಗಿತ್ತು. ಅದಕ್ಕೇ ಅವತ್ತಿನಿಂದ ಅವರ ಮೇಲೆ ಅವಳಿಗೆ ಪ್ರೀತಿ.

ಈ ಸಲವೂ ಕಾಫಿ ಬಂತು. ಯಶೋಧಾ ಲೋಟ ಮುಟ್ಟದೆ ಕೇಳಿದಳು, “ಅಮ್ಮಾ, ವಿಜಯ್‌ಕುಮಾರ್ ಅಂತ ಯಾರಾದ್ರೂ ಬಂದಿದ್ರಾ ನಿಮ್ಮ ಹತ್ರ?”

ಬಸಮ್ಮನವರ ಮುಖ ಅರಳಿತು. “ಅಯ್ಯೋ, ಅವ್ನೇ ಕಣಮ್ಮ ಮೊದ್ಲು ಬಂದಿದ್ದು! ನರಪೇತಲ ಹುಡ್ಗ, ಪಾಪ, ಬಿಸ್ಲಲ್ಲಿ ಅಲೆದು ಅಲೆದು ಬಂದಿದ್ದ. ‘ಆಂಟಿ, ಈ ಕೆಲ್ಸದಲ್ಲಿ ನಿಮ್ಗೆ ಕಷ್ಟ ಏನು’ ಅಂದ. ‘ಏನೂ ಇಲ್ಲ ಕಣಪ್ಪ, ಚೆನ್ನಾಗೇ ನಡೀತಿದೆ’ ಅಂದೆ. ಮಖ ಬಾಡ್ಹೋಯ್ತು ಮಗೂದು. ‘ಕಷ್ಟ ಇಲ್ದಿದ್ರೆ ಪ್ರಾಜೆಕ್ಟೇ ಇಲ್ಲ ಆಂಟಿ’ ಅಂದ. ಇನ್ನೇನ್ ಅತ್ತೇ ಬುಡ್ತಾನೇನೋ ಅನ್ನಂಗಿದ್ದ. ಮನೆ ಬಾಗ್ಲಿಗೆ ಬಂದೋರ್ನ ಬರಿಗೈಲಿ ಕಳ್ಸೋಕಾಗತ್ತಾ? ಇರಪ್ಪಾ ಅಂತ ಕೂರ್ಸಿ ಒಂದೆರಡು ಕಷ್ಟ ಹೇಳ್ದೆ.”

“ಆ ಕಷ್ಟ ನಿಮ್ಗೆ ಇತ್ತಾ?”

“ಎಲ್ಲಾದ್ರೂ ಯಾರಿಗಾದ್ರೂ ಇರತ್ತಲ್ವಾ?” ಎಂದರು ಬಸಮ್ಮನವರು, ಅದರಲ್ಲಿ ತಪ್ಪೇನು ಎನ್ನುವಂತೆ. “ಅವ್ನಿಗೆ ಒಳ್ಳೆ ಮಾರ್ಕ್ಸ್ ಬಂತು. ಮೈಸೂರ್ ಪಾಕ್ ತಂದು ಕಾಲಿಗೆ ನಮಸ್ಕಾರ ಮಾಡ್ದ. ಆಮೇಲೆ ಅವ್ನ ಹಿಂದಿನೋರೆಲ್ಲ ಬರಕ್ಕೆ ಸುರು ಮಾಡಿದ್ರು. ಒಬ್ರಿಗೆ ಒಳ್ಳೇದಾಗಿದ್ದು ಇನ್ನೊಬ್ರಿಗೂ ಆಗ್ಲಿ ಅಂತ ಎಲ್ರಿಗೂ ಅದ್ನೇ ಹೇಳ್ದೆ. ಒಬ್ರಿಗೆ ತುಪ್ಪ ಬಡ್ಸಿ ಇನ್ನೊಬ್ರಿಗೆ ಎಣ್ಣೆ ಬಡ್ಸೋ ಮನೆ ಅಲ್ಲ ಕಣಮ್ಮ ಇದು.”

“ಆ ಇಟಲಿ ಹೆಂಗಸು?”

“ಬಂದಿದ್ಲು. ಎರಡು ದಿನ ಇದ್ಲು. ಬಿಸ್ನೀರು ಬರ್ಲಿಲ್ಲ ಅಂತ ಜಗಳ ಆಡ್ಕೊಂಡು ಹೋದ್ಲು.”

“ಹೊಸ್ತಿಲು ಮುಟ್ಟಿದ್ದು?”

“ಎಡವಿದ್ಲು.”

ಯಶೋಧಾಳಿಗೆ ನಗು ಬಂತು. ನಕ್ಕಳು. ನಗುನಗುತ್ತಲೇ ಕಣ್ಣಲ್ಲಿ ನೀರು ಬಂತು, ಆಮೇಲೆ ನಗು ನಿಂತು ನೀರು ಮಾತ್ರ ಉಳಿಯಿತು. ಬಸಮ್ಮನವರು ಗಾಬರಿಯಾಗಿ ಎದ್ದು ಬಂದು ಅವಳ ಪಕ್ಕ ಕೂತರು. ಅವಳು ನಡೆದದ್ದನ್ನೆಲ್ಲ ಹೇಳಿದಳು: ಸಭೆ, ಕಳವಿನ ಮಾತು, ಕಾಯಂ ಕೆಲಸ, ವರ್ಷದ ಕೊನೆ. ಕೇಳುತ್ತ ಕೇಳುತ್ತ ಬಸಮ್ಮನವರ ಮುಖದ ಬಣ್ಣ ಇಳಿಯಿತು. ಒಳ್ಳೆಯದು ಮಾಡಲು ಹೋದ ಕೈಗೆ ಕೆಂಡ ತಗುಲಿತ್ತು.

“ತವರುಮನೆ ಮಾತು ಮಾತ್ರ ಸುಳ್ಳಲ್ಲ ಕಣಮ್ಮ,” ಎಂದರು ಕೊನೆಗೆ, ಸೆರಗಿನ ತುದಿ ತಿರುವುತ್ತ. “ಅದು ನಂದು. ಅಮ್ಮ ಹೋದ್ಮೇಲೆ ನಮ್ಮೂರಿಗೆ ಹೋದ್ರೆ ಅಲ್ಲಿ ನಾನೂ ನೆಂಟಳೇ. ಅದ್ನ ನನ್ನ ಬಾಯಲ್ಲಿ ಹೇಳಕ್ಕೆ ನಾಚ್ಕೆ ಆಯ್ತು, ಆ ಹೆಂಗಸಿನ ಬಾಯಿಗೆ ಹಾಕ್ಬುಟ್ಟೆ.”

“ಹಾಗಾದ್ರೆ ನಿಜವಾಗ್ಲೂ ನೀವು ಈ ಕೆಲಸ ಯಾಕೆ ಮಾಡ್ತೀರಿ ಅಮ್ಮಾ? ಮಗ ದುಡೀತಾರೆ. ಕಷ್ಟ ಇಲ್ಲ. ವಯಸ್ಸು ಅರವತ್ತು ದಾಟಿದೆ.”

ಬಸಮ್ಮನವರು ಕಿಟಕಿಯ ಆಚೆ ಜಗುಲಿಯ ಕಡೆ ನೋಡಿದರು. ಪೇಪರಿನ ಹಾಳೆ ಮಗುಚಿದ ಸದ್ದಾಯಿತು. “ಅದೆಲ್ಲ ಈಗ ಯಾಕೆ ಬುಡು,” ಎಂದು ದನಿ ತಗ್ಗಿಸಿದರು. ಆಮೇಲೆ, ಪಾಪದ ಹುಡುಗಿಗೆ ಏನಾದರೂ ಮಾಡಲೇಬೇಕಲ್ಲ ಎಂಬಂತೆ, “ಬೇಕಾದ್ರೆ ನಿಂಗೆ ಬೇರೆ ಯಾರಿಗೂ ಹೇಳ್ದಿರೋ ಹೊಸ ಕಷ್ಟ ಒಂದು ಹೇಳ್ಲಾ?” ಎಂದರು.

ಮೃತ್ಯುಂಜಯ ಸರ್‌ಗೆ ಫೋನ್ ಮಾಡಿ ಹೇಳಿದಾಗ ಅವರು ಹೇಳಿದರು, “ನೋಡಿ ಯಶೋಧಾ, ಅವರು ಹೇಳಿದ್ದು ನಿಜ. ನೀವು ಅದನ್ನ ಹಾಗೇ ಬರೆದದ್ದು ನಿಜ. ಹೇಳಿದ್ದು ನಡೆದಿತ್ತೋ ಇಲ್ಲವೋ ಅನ್ನೋದನ್ನ ಪೊಲೀಸರು ವಿಚಾರಿಸ್ತಾರೆ, ನಾವಲ್ಲ. ರೆಕಾರ್ಡಿಂಗ್ ಕೇಳಿಸಿ. ಬೇರೆ ಏನೂ ಬಾಯಿ ಬಿಡಬೇಡಿ.” ಅವರು ಕೆಟ್ಟವರಲ್ಲ. ನಿವೃತ್ತಿಯ ಮುಂಚೆ ಈ ಹುಡುಗಿಯ ಪಿಎಚ್.ಡಿ. ಮುಗಿಸಿಬಿಡಬೇಕೆಂಬ ಕಾಳಜಿ ಅವರಿಗೆ ಅವಳಿಗಿಂತ ಹೆಚ್ಚು.

ಆ ಬುದ್ಧಿಮಾತು ಗಟ್ಟಿಯಾಗಿಯೇ ಇತ್ತು. ಆದರೂ ಅದನ್ನು ಹಿಡಿದುಕೊಂಡು ನಿಲ್ಲಲು ಅವಳಿಗೆ ಆಗಲಿಲ್ಲ. ಯಾರ ಬದುಕನ್ನು ಕೇಳಿದ್ದೇನೆ ಎಂದು ಇಷ್ಟು ದಿನ ಹೆಮ್ಮೆಪಟ್ಟಿದ್ದಳೋ ಅವರು ತನಗೆ ಉಪಚಾರ ಮಾಡಿದ್ದರು, ಅಷ್ಟೆ. ಉಪ್ಪಿಟ್ಟು ಕೊಟ್ಟಂತೆ ಉತ್ತರ ಕೊಟ್ಟಿದ್ದರು. ಉಳಿದ ಹನ್ನೊಂದು ಮನೆಗಳಲ್ಲೂ ಕಾಫಿ ಕುಡಿದಿದ್ದಳಲ್ಲ, ಅಲ್ಲೆಲ್ಲ ಏನೇನು ಬಡಿಸಿದ್ದರೋ! ಅವಳಿಗೆ ಅವಮಾನವಾಗಿತ್ತು, ಸಿಟ್ಟೂ ಬಂದಿತ್ತು. ಸಿಟ್ಟು ಬಸಮ್ಮನವರ ಮೇಲಲ್ಲ. ಅತ್ತೇ ಬಿಡುತ್ತಾನೇನೋ ಎನ್ನುವ ಮುಖ ಹೊತ್ತು ಜನರ ಮನೆಗೆ ಹೋಗುವ ತಮ್ಮಂಥವರ ಮೇಲೆ.

ಗುರುವಾರ ಬೆಳಗ್ಗೆ ಅವಳು ಮತ್ತೆ ಚಾಮರಾಜಪುರಂಗೆ ಹೋದಳು, ಹೇಳದೆ ಕೇಳದೆ, ತಿಂಡಿಯ ಹೊತ್ತಿಗೆ. ನಿಮ್ಮ ಮಾತನ್ನು ಪ್ರಬಂಧದಿಂದ ತೆಗೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ ಎಂದು ಹೇಳಿ ಬರುವುದಷ್ಟೇ ಉದ್ದೇಶ. ಜಗುಲಿಯ ಕುರ್ಚಿ ಖಾಲಿಯಿತ್ತು. ಒಳಗಿನಿಂದ ದೋಸೆಯ ಚುಂಯ್ ಸದ್ದು, ನಗು. ಅವಳು ನಡುಮನೆ ದಾಟಿ ಅಡುಗೆಮನೆಯ ಬಾಗಿಲಿಗೆ ಬಂದು ಅಲ್ಲಿಯೇ ನಿಂತುಬಿಟ್ಟಳು.

ಊಟದ ಮೇಜಿನ ತಲೆಯ ಕಡೆಯ ಕುರ್ಚಿಯಲ್ಲಿ ಬಸಮ್ಮನವರು ಕೂತಿದ್ದರು. ಆಚೀಚೆ ಮಹಡಿಯ ಅತಿಥಿಗಳು, ಪುಣೆಯ ಕಡೆಯ ಗಂಡಹೆಂಡತಿ. ಒಲೆಯ ಮುಂದೆ, ಪಂಚೆಯನ್ನು ಮೇಲೆ ಕಟ್ಟಿ, ಹೆಗಲ ಮೇಲೊಂದು ಟವೆಲು ಹಾಕಿಕೊಂಡು ಕರಿಬಸವಯ್ಯನವರು ದೋಸೆ ಹುಯ್ಯುತ್ತಿದ್ದರು. ಕಾವಲಿಯಿಂದ ಒಂದು ದೋಸೆಯನ್ನು ಎಬ್ಬಿಸಿ, ಅಂಚು ಮುರಿಯದ ಹಾಗೆ ಮಡಿಸಿ, ನಾಲ್ಕು ಹೆಜ್ಜೆ ನಡೆದು ಬಂದು ಹೆಂಡತಿಯ ತಟ್ಟೆಗೆ ಹಾಕಿದರು.

“ಚಟ್ನಿ ಸಾಕಾ?” ಎಂದು ಕೇಳಿದರು, ಅದೇ ಜಗುಲಿಯ ಗತ್ತಿನಲ್ಲಿ.

“ಇನ್ನೊಂಚೂರು ಹಾಕಿ,” ಎಂದರು ಬಸಮ್ಮನವರು. ಆಮೇಲೆ ಬಾಗಿಲಲ್ಲಿದ್ದ ಯಶೋಧಾಳನ್ನು ನೋಡಿ ತುತ್ತು ಕೈಯಲ್ಲೇ ಹಿಡಿದು ಗರಬಡಿದಂತಾದರು.

ತಟ್ಟೆ ಬಿಟ್ಟು ಎದ್ದು ಅವಳನ್ನು ಹಿತ್ತಲಿಗೆ ಕರೆದೊಯ್ದರು. ನೀರಿನ ತೊಟ್ಟಿಯ ಪಕ್ಕ ನಿಂತು ಮೊದಲು ಬೈದರು, “ಹಿಂಗೆ ಹೇಳ್ದೆ ಕೇಳ್ದೆ ಒಳಗೆ ಬರೋದಾ?” ಆಮೇಲೆ ತಾವಾಗಿಯೇ ಮಾತು ಬಿಚ್ಚಿದರು. ಅವತ್ತು ಯಶೋಧಾ ರೆಕಾರ್ಡ್ ಮಾಡುವ ಫೋನು ಚೀಲದಲ್ಲಿಯೇ ಇತ್ತು.

“ಇಪ್ಪತ್ತನೇ ವಯಸ್ಸಿಗೆ ಈ ಮನೆಗೆ ಬಂದೆ. ಆವಾಗ ಹದಿನಾರು ಜನ. ದೋಸೆ ಅಂದ್ರೆ ನಾನು, ನಮ್ಮತ್ತೆ ಒಲೆ ಮುಂದೆ. ಗಂಡಸ್ರಿಗೆ ಕಾವಲಿಯಿಂದ ಎಲೆಗೆ, ಆಮೇಲೆ ಮಕ್ಳಿಗೆ, ಅಂಗಡಿ ಆಳುಗಳ್ಗೆ. ಎಲ್ಲಾ ಆದ್ಮೇಲೆ ನಮ್ಗೆ. ಅಷ್ಟೊತ್ಗೆ ತಣ್ಣಗಾಗಿ ಹಪ್ಪಳ ಆಗಿರೋದು. ಯಾರೂ ತಿನ್ಬ್ಯಾಡ ಅನ್ಲಿಲ್ಲಮ್ಮ, ಹೊಡೀಲಿಲ್ಲ, ಬಡೀಲಿಲ್ಲ. ತಿಂದ್ಯಾ ಅಂತ ಕೇಳೋದೂ ಹೊಳೀಲಿಲ್ಲ ಅಷ್ಟೇ. ಆಮೇಲೆ ಅಂಗಡಿ ಮುಚ್ಚಿದ್ವಿ, ಕೈ ಬಿಗಿಯಾಯ್ತು, ಮಹಡಿ ಬಾಡಿಗೆಗೆ ಕೊಟ್ವಿ. ಪೋಲೆಂಡೋ ಎಂಥದೋ, ಒಬ್ಬ ಹುಡ್ಗ ಬಂದ. ನಾನ್ ಕೂರ್ದೆ ಅವ್ನು ತಿನ್ನಲ್ವಂತೆ. ಬ್ಯಾಡ ಕಣಪ್ಪ ಅಂದ್ರೂ ಕೇಳ್ದೆ ನನ್ನ ಕುರ್ಚಿ ಮೇಲೆ ಕೂರ್ಸಿ ಒಲೆ ಮುಂದೆ ನಿಂತ್ಕೊಂಡ. ಅವ್ನು ಹುಯ್ದಿದ್ದು ದೋಸೆ ಅಲ್ಲ, ಇಂಡಿಯಾ ಮ್ಯಾಪು.”

ನಗಲು ಹೋಗಿ ಬಸಮ್ಮನವರು ತೊಟ್ಟಿಯ ಕಡೆ ತಿರುಗಿ ಎಂಜಲು ಕೈ ತೊಳೆದುಕೊಂಡರು.

“ಆದ್ರೆ ಬಿಸಿ ಇತ್ತು ಕಣಮ್ಮ. ಈ ಮನೇಲಿ ನಾನು ಬಿಸಿ ದೋಸೆ ತಿಂದಾಗ ನಂಗೆ ಐವತ್ತೆಂಟು ವರ್ಷ. ಇವ್ರು ನೋಡಿದ್ರು. ಮನೆಯೋನು ನಾನಿರ್ತಾ ಪರದೇಸದೋನು ಹುಯ್ಯೋದಾ ಅಂತ ಜಿದ್ದಿಗೆ ಬಿದ್ದು ಮಾರ್ನೇ ದಿನ ಎದ್ದು ಬಂದ್ರು. ಅವತ್ತಿಂದ ಬುಟ್ಟಿಲ್ಲ. ಆದ್ರೆ ಮೇಲೆ ಯಾರಾದ್ರೂ ಇದ್ರೆ ಮಾತ್ರ. ಅತಿಥಿಗಳು ಇಲ್ದಿದ್ ದಿನ ಮತ್ತೆ ಪೇಪರು, ಜಗುಲಿ. ಅದುಕ್ಕೇ ನಾನು ರೂಮು ಖಾಲಿ ಬಿಡಲ್ಲ. ಸಾಕಾ? ಇದೇ ನಿಜ. ಇದ್ರಲ್ಲಿ ಕಷ್ಟ ಎಲ್ಲಿದೆ ಹೇಳು?”

ಯಶೋಧಾ ಆರು ವರ್ಷದಿಂದ ಹುಡುಕಿದ್ದು ತೊಟ್ಟಿಯ ಪಕ್ಕ ನಿಂತಿತ್ತು. ಅವಳು ಬಾಯಿ ತೆರೆಯುವ ಮುಂಚೆಯೇ ಬಸಮ್ಮನವರು ಅವಳ ಕೈ ಹಿಡಿದರು.

“ಇದ್ನ ಬರೀಬ್ಯಾಡ. ನಿಂಗೆ ಕೈ ಮುಗೀತೀನಿ. ಇವ್ರ ಅಣ್ಣತಮ್ಮಂದಿರು ಇದ್ದಾರೆ, ಮಠಕ್ಕೆ ಹೋಗ್ತಾರೆ ಬರ್ತಾರೆ. ಹೆಂಡ್ತಿಗೆ ದೋಸೆ ಹುಯ್ದು ಕೊಡ್ತಾನೆ ಅಂತ ಆಡ್ಕೊಂಡ್ರೆ ಇವ್ರ ಮರ್ವಾದೆ ಏನಾಗ್ಬೇಕು? ನಾಳೆ ಒಲೆ ಮುಂದೆ ಬರೋದ್ನೇ ಬುಟ್ರೆ?”

ಬರೆಯುವುದಿಲ್ಲ ಎಂದು ಯಶೋಧಾ ಮಾತು ಕೊಟ್ಟಳು. ಬರೆಯಬಹುದಾದ ಸುಳ್ಳು ಅವಳಿಗೆ ಬೇಡವಾಗಿತ್ತು, ಬೇಕಾದ ನಿಜವನ್ನು ಬರೆಯುವಂತಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಅವಳಿಗೆ ಎರಡೆರಡು ತುತ್ತು ಹಾಗಾಯಿತು.

ಶುಕ್ರವಾರ ಸಭೆಯಲ್ಲಿ ಅವಳು ಮೊದಲು ರೆಕಾರ್ಡಿಂಗ್ ಕೇಳಿಸಿದಳು. ಬಸಮ್ಮನವರ ದನಿ ಕೋಣೆಯೆಲ್ಲ ತುಂಬಿ, ಇಟಲಿಯ ಹೆಂಗಸು ಮತ್ತೊಮ್ಮೆ ಹೊಸ್ತಿಲು ಮುಟ್ಟಿ ಅತ್ತಳು. ಮೃತ್ಯುಂಜಯ ಸರ್ ಸಮಾಧಾನದಿಂದ ಕುರ್ಚಿಗೆ ಒರಗಿದರು. ಚಂದ್ರಮೌಳಿಯವರೂ ತಲೆಯಾಡಿಸಿದರು. “ಸರಿ, ಕದ್ದಿಲ್ಲ. ನನ್ನ ಮಾತು ವಾಪಸ್ಸು.” ಅಲ್ಲಿಗೆ ಬಾಯಿ ಮುಚ್ಚಿ ಕೂತಿದ್ದರೆ ಪಿಎಚ್.ಡಿ. ಆದಂತೆಯೇ.

“ನಾನೂ ಈ ಮಾತನ್ನ ವಾಪಸ್ ತಗೊಳ್ತಿದ್ದೀನಿ ಸರ್,” ಎಂದಳು ಯಶೋಧಾ. ಮೃತ್ಯುಂಜಯ ಸರ್ ಮತ್ತೆ ನೆಟ್ಟಗೆ ಕೂತರು. “ಇದು ನಡೆದದ್ದಲ್ಲ. ಅವರೇ ನನಗೆ ಹೇಳಿದ್ರು. ಕಷ್ಟ ಏನು ಅಂತ ನಾವೆಲ್ಲ ಹೋಗಿ ಹೋಗಿ ಕೇಳಿದ್ವಿ, ನಮ್ಮನ್ನ ಬರಿಗೈಲಿ ಕಳಿಸಬಾರದು ಅಂತ ಅವರು ಕಷ್ಟ ಕಟ್ಟಿಕೊಟ್ರು. ಉಳಿದ ಮನೆಗಳಲ್ಲೂ ಎಷ್ಟು ಹೀಗೇ ಆಗಿದೆಯೋ ಗೊತ್ತಿಲ್ಲ. ಮತ್ತೆ ಹೋಗಿ ಕೇಳ್ಬೇಕು. ಬೇರೆ ರೀತಿ ಕೇಳ್ಬೇಕು.”

“ಆ ಮನೆಯ ನಿಜ ಏನು ಹಾಗಾದರೆ?”

“ಗೊತ್ತಾಯ್ತು ಸರ್. ಹೇಳೋಕೆ ಅವರ ಒಪ್ಪಿಗೆ ಇಲ್ಲ.”

ಚಂದ್ರಮೌಳಿಯವರು ಪೆನ್ನು ಮುಚ್ಚಿಟ್ಟು ಅವಳ ಕಡೆ ತಿರುಗಿದರು. ಈ ಮನುಷ್ಯ ಈಗ ಮುಗಿಸಿಯೇ ಬಿಡುತ್ತಾರೆ ಎಂದುಕೊಂಡಳು. ಅವರು ಮಾತ್ರ ನಿಟ್ಟುಸಿರು ಬಿಟ್ಟು, “ವಿಜಯ್‌ಕುಮಾರನಿಗೆ ಕೊಟ್ಟ ತೊಂಬತ್ತನ್ನು ನಾನು ವಾಪಸ್ ಪಡೆಯೋಕಾಗಲ್ಲವಲ್ಲ,” ಎಂದರು. ಎಲ್ಲರೂ ನಕ್ಕರು. ವರ್ಷದ ಕೊನೆಯವರೆಗೆ ಸಮಯ ಇದೆ, ಬರೆಯಲಿ ಎಂದು ಅವರೇ ಸೂಚಿಸಿದರು. ಹೊರಡುವಾಗ ಬಾಗಿಲಲ್ಲಿ ನಿಂತು ಒಂದು ಮಾತು ಸೇರಿಸಿದರು. “ಆದರೆ ಮೇಡಂ, ಆ ಅಧ್ಯಾಯದ ಜೀವ ಆ ಮನೆಯಲ್ಲಿತ್ತು. ಅದಿಲ್ಲದೆ ನಿಲ್ಲುತ್ತೋ ಇಲ್ಲವೋ, ನೋಡೋಣ.”

ಯಶೋಧಾ ಮಳೆಗಾಲವೆಲ್ಲ ಸ್ಕೂಟರಿನಲ್ಲಿ ತಿರುಗಿದಳು. ಕಷ್ಟ ಏನು ಎಂದು ಯಾರನ್ನೂ ಕೇಳಲಿಲ್ಲ. ಇದರಲ್ಲಿ ನಿಮಗೆ ಇಷ್ಟವಾದದ್ದು ಏನು ಎಂದು ಕೇಳಿದಳು. ಕೆಲವರಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅರ್ಥವಾದವರು ಬಾಯಿ ಬಿಟ್ಟಾಗ ಅವಳು ಬರೆದು ಪೂರೈಸಲಾರದಷ್ಟು ಬಂತು. ಒಬ್ಬರು ಅತಿಥಿಗಳ ನೆಪದಲ್ಲಿ ಜೀವನದಲ್ಲಿ ಮೊದಲ ಸಲ ತಮ್ಮದೇ ಕೋಣೆಗೆ ಚಿಲಕ ಹಾಕಿಸಿಕೊಂಡಿದ್ದರು. ಸರಸ್ವತಿಪುರಂನ ಪ್ರೇಮಲೀಲಾ ಎಂಬುವರು ಬಂದವರಿಗೆ ಬೆಟ್ಟ ತೋರಿಸಬೇಕೆಂದು ಕಾರು ಓಡಿಸುವುದನ್ನು ಕಲಿತು, ಈಗ ಯಾರೂ ಇಲ್ಲದಾಗಲೂ ಸುಮ್ಮನೆ ಬೆಟ್ಟ ಸುತ್ತಿ ಬರುತ್ತಿದ್ದರು. ಹೊಸ ಅಧ್ಯಾಯ ಬೆಳೆಯಿತು. ಆದರೂ ಅದನ್ನು ಓದಿದ ಮೃತ್ಯುಂಜಯ ಸರ್, “ಗೋಡೆ ಎಲ್ಲಾ ಎದ್ದಿದೆ ಕಣಮ್ಮ, ನಡುವಿನ ಕಂಬ ಇಲ್ಲ,” ಎಂದರು. ಅದು ಅವಳಿಗೂ ಗೊತ್ತಿತ್ತು. ಆ ಕಂಬ ಯಾವುದೆಂದೂ ಗೊತ್ತಿತ್ತು.

ಬರೆದದ್ದನ್ನು ಒಪ್ಪಿಸುವ ಮೊದಲು ಮಾತಾಡಿದವರಿಗೆ ಓದಿ ಹೇಳಬೇಕೆಂದು ಅವಳು ನಿಶ್ಚಯಿಸಿದ್ದಳು. ಎಲ್ಲ ಮನೆ ಮುಗಿಸಿ ಕೊನೆಗೆ ಚಾಮರಾಜಪುರಂಗೆ ಬಂದಳು. ಅವತ್ತು ಮಹಡಿ ಖಾಲಿಯಿತ್ತು. ನಡುಮನೆಯಲ್ಲಿ ಬಸಮ್ಮನವರು ಕೂತು ಕೇಳಿದರು. ಯಶೋಧಾ ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಹೇಳುತ್ತ ಹೋದಳು. ಬಸಮ್ಮನವರ ಪಾಲಿಗೆ ಇದ್ದದ್ದು ಒಂದೇ ಸಾಲು: ಒಬ್ಬರು ತಮ್ಮ ಮಾತನ್ನು ಹಿಂದಕ್ಕೆ ಪಡೆದರು. ಅದನ್ನು ಕೇಳಿ ಅವರು ಸಮಾಧಾನದಿಂದ ತಲೆಯಾಡಿಸಿದರು, ಆಮೇಲೆ ಯಾಕೋ ಮಂಕಾದರು.

ಪೇಪರು ಮಡಿಸಿದ ಸದ್ದಾಯಿತು. ಕರಿಬಸವಯ್ಯನವರು ಜಗುಲಿಯಿಂದ ಎದ್ದು ಬಂದು ನಡುಮನೆಯ ಬಾಗಿಲಲ್ಲಿ ನಿಂತರು. ಇಷ್ಟು ವರ್ಷದಲ್ಲಿ ಎಷ್ಟೋ ವಿದ್ಯಾರ್ಥಿಗಳು ಬಂದು ಹೋದರೂ ಅವರು ಹೀಗೆ ಒಳಗೆ ಬಂದು ನಿಂತದ್ದಿರಲಿಲ್ಲ.

“ಮುಗೀತೇನಮ್ಮ?”

“ಮುಗೀತು ಯಜಮಾನ್ರೇ.”

“ಇದ್ರಲ್ಲಿ ನಾನ್ ದೋಸೆ ಹುಯ್ಯೋ ವಿಷ್ಯ ಎಲ್ಲಿ?”

ಬಸಮ್ಮನವರು ತಟ್ಟನೆ ಎದ್ದುನಿಂತರು. “ನಾನೇ ಬ್ಯಾಡ ಅಂದೆ ಕಣ್ರೀ. ಸುಮ್ನಿರಿ ನೀವು.”

“ಯಾಕೆ ಬ್ಯಾಡ?”

“ನಿಮ್ಮ ಅಣ್ಣತಮ್ಮಂದಿರು ಏನಂದಾರು?”

ಕರಿಬಸವಯ್ಯನವರು ಒಳಗೆ ಬಂದು ಯಶೋಧಾಳ ಎದುರಿನ ಕುರ್ಚಿಯಲ್ಲಿ ಕೂತರು, ಅಂಗಡಿಯ ಗಲ್ಲಾದ ಹಿಂದೆ ಕೂರುತ್ತಿದ್ದ ಹಾಗೆ ಬೆನ್ನು ನೆಟ್ಟಗೆ ಮಾಡಿ. ಅವರ ಕೈ ಮಾತ್ರ ಸುಮ್ಮನಿರಲಿಲ್ಲ, ಪೇಪರಿನ ಅಂಚನ್ನು ಮಡಿಸುತ್ತ ಬಿಚ್ಚುತ್ತ ಇತ್ತು.

“ಅವತ್ತು ಹಿತ್ಲಲ್ಲಿ ಇವ್ಳು ನಿಂಗೆ ಹೇಳಿದ್ದು ನಂಗೆ ಕೇಳುಸ್ತಮ್ಮ. ಕಿಟ್ಕಿ ತೆಗ್ದಿತ್ತು. ರೂಮು ಯಾಕೆ ಖಾಲಿ ಬಿಡಲ್ಲ ಅಂತ ನಂಗೆ ಅವತ್ತೇ ಗೊತ್ತಾಗಿದ್ದು. ಅವತ್ತಿಂದ ದಿನಾ ಹುಯ್ತಿದ್ದೀನಿ. ಮೇಲೆ ಯಾರಿಲ್ದಿದ್ರೂ ಹುಯ್ತೀನಿ. ಇವತ್ತೂ ಹುಯ್ದೆ. ಕೇಳು ಬೇಕಾದ್ರೆ.”

ಯಶೋಧಾ ಬಸಮ್ಮನವರ ಕಡೆ ನೋಡಿದಳು. ಅವರು ಹೌದೆಂದು ತಲೆಯಾಡಿಸಿ, ನೆಲ ನೋಡಿದರು.

“ಬರ್ಕೊಳಮ್ಮ. ಎಲ್ಲಾ ಬರ್ಕೊ.”

“ಹೆಸರು ಹಾಕಲ್ಲ ಯಜಮಾನ್ರೇ, ಯಾರಿಗೂ ಗೊತ್ತಾಗಲ್ಲ.”

“ಹಾಕಿದ್ರೂ ಹಾಕು. ಆಡ್ಕೊಳ್ಳೋರು ಆಡ್ಕೊಳ್ಲಿ.” ಮಾತು ಅಲ್ಲಿಗೆ ಮುಗಿಯಿತೆಂದು ಯಶೋಧಾ ಅಂದುಕೊಂಡಳು. ಅವರು ಎದ್ದೂ ಆಗಿತ್ತು. ಬಾಗಿಲವರೆಗೆ ಹೋಗಿ, ಚೌಕಟ್ಟಿಗೆ ಕೈಯಿಟ್ಟು, ತಿರುಗಿ ನೋಡದೆ ಹೇಳಿದರು:

“ಇನ್ನೊಂದಿದೆ. ನಮ್ಮವ್ವ ಸಾಯೋ ಹಿಂದಿನ ವರ್ಷದವರ್ಗೂ ಈ ಮನೇಲಿ ದೋಸೆ ಹುಯ್ದ್ಲು. ಅವ್ಳು ಒಂದಿನಾನೂ ಬಿಸೀದು ತಿಂದಿದ್ದು ನಾನ್ ನೋಡಿಲ್ಲ. ನೋಡಿಲ್ಲ ಅನ್ನೋದೂ ಗೊತ್ತಿರ್ಲಿಲ್ಲ ನಂಗೆ. ಅದ್ನೂ ಬರ್ಕೊ.”

ಬಸಮ್ಮನವರು ಹೋಗಿ ಗಂಡನ ಬೆನ್ನ ಹಿಂದೆ ನಿಂತರು. ಯಶೋಧಾ ಕಣ್ಣೊರೆಸಿಕೊಂಡು, ಕರಿಬಸವಯ್ಯನವರು ಆಡಿದ ಮಾತನ್ನು ಅವರು ಆಡಿದ ಹಾಗೆಯೇ ಬರೆಯತೊಡಗಿದಳು.